ಆಲೆ ಯಂತ್ರದ ಪರೀಕ್ಷೆ

ನಾನು ಪತ್ರಿಕೆಗೆ ಕೊಟ್ಟ ಪ್ರಕಟಣೆಯಲ್ಲಿ ಇದ್ದದ್ದು ಎರಡೇ ಸಾಲು. 'ಇದೇ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಇಸಳೂರಿನ ಶಿವಪುತ್ರಪ್ಪನವರ ಕಲ್ಲುಕ್ವಾರಿಯಲ್ಲಿ ಅಲೆ ಯಂತ್ರದ ಪರೀಕ್ಷೆ ನಡೆಯಲಿದೆ. ಸಾರ್ವಜನಿಕರು ಅಂದು ಕ್ವಾರಿಯ ನೀರಿಗೆ ಇಳಿಯಬಾರದು.'

ಇಳಿಯಬಾರದು ಎನ್ನುವುದೇ ಮುಖ್ಯ ಮಾತು. ಭಾನುವಾರ ಬಂತೆಂದರೆ ಬಟ್ಟೆ ಒಗೆಯಲು, ಬೈಕು ತೊಳೆಯಲು ಅರ್ಧ ಇಸಳೂರು ಆ ಹೊಂಡದಲ್ಲೇ ಇರುತ್ತದೆ. ಅವರನ್ನು ಒಂದು ದಿನದ ಮಟ್ಟಿಗೆ ದೂರ ಇಡಬೇಕಿತ್ತು. ಶಿರಸಿಯ ನಮ್ಮ ವಾರಪತ್ರಿಕೆಗೆ ಫೋನು ಮಾಡಿದೆ. ಎತ್ತಿದ್ದು ಅಲ್ಲಿ ಅಕ್ಷರ ಜೋಡಿಸುವ ಶಿಲ್ಪಾ.

"ಎಂತ ಯಂತ್ರ ಅಂದ್ರಿ ಸರ್? ಲೈನು ಗರಗರ ಅಂತಿದೆ."

"ಅಲೆ. ಅಲೆ ಯಂತ್ರ."

"ಆಲೆ?"

"ಆಲೆ ಅಲ್ಲ ಮಾರಾಯ್ತಿ. ಅ, ಅರಸನ ಅ."

"ಹಾಂ ಹಾಂ, ಅರೆಸೋದು. ಗೊತ್ತಾಯ್ತು ಬಿಡಿ."

ಶನಿವಾರ ಪತ್ರಿಕೆ ಬಂತು. 'ಆಲೆ ಯಂತ್ರದ ಪರೀಕ್ಷೆ' ಎಂದು ದಪ್ಪಕ್ಷರದಲ್ಲಿ ತಲೆಬರಹ ಬೇರೆ. ನಾನು ಅದನ್ನು ನೋಡಲಿಲ್ಲ. ಆ ದಿನ ನನ್ನ ಮೋಟಾರು ರಿಪೇರಿ ಅಂಗಡಿಯಲ್ಲಿ ಸುಟ್ಟ ಮೋಟಾರುಗಳ ಸಾಲಿತ್ತು, ಸಂಜೆ ಮಗಳ ಮಗ್ಗಿ ಕೇಳಿಸಿಕೊಳ್ಳುವುದಿತ್ತು. ಪೇಪರು ಮಡಚಿದ ಹಾಗೇ ಕಪಾಟಿನ ಮೇಲೆ ಕುಳಿತಿತ್ತು.

ನಮ್ಮ ಕಡೆ ಆಲೆ ಎಂದರೆ ಕಬ್ಬು ಅರೆಯುವ ಗಾಣ. ಎಲ್ಲಾದರೂ ಆಲೆ ನಡೆದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಕರೆಯ ಹಂಗಿಲ್ಲ, ತಂಬಿಗೆ ಹಿಡಿದು ಹೋಗಬಹುದು. ಹೋದವರಿಗೆ ಕಬ್ಬಿನ ಹಾಲು ಇಲ್ಲ ಎನ್ನುವ ಹಾಗಿಲ್ಲ. ಸ್ವಂತ ಕಬ್ಬಿದ್ದವರು ಒಂದು ಹೊರೆ ತಾವೂ ಹೊತ್ತುಕೊಂಡು ಬಂದು ಅರೆಸಿಕೊಂಡು ಹೋಗುತ್ತಾರೆ. ಅದು ಎರಡು ಸಾವಿರದ ಮೂರನೆಯ ಇಸವಿಯ ಫೆಬ್ರುವರಿ, ಆಲೆಯ ಕಾಲ. ಆಮೇಲೆ ನಾನು ಜಗಳಕ್ಕೆ ಹೋದಾಗ ಶಿಲ್ಪಾ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. "ಶಿರಸಿಯಲ್ಲಿ ಎಲ್ಲಿಂದ ಬರ್ಬೇಕು ಸರ್ ಅಲೆ? ನಿಮ್ಮ ತಪ್ಪು ತಿದ್ದಿ ಹಾಕಿದ್ದೇ ನನ್ನ ತಪ್ಪಾ?" ಎಂದಳು.

ಅಲೆ ಯಂತ್ರ ನನ್ನ ಹೆಂಡತಿ ಶ್ರೀವಾಣಿಯದು. ಅವಳು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಸಮುದ್ರದ ಅಲೆಯಿಂದ ಕರೆಂಟು ತೆಗೆಯುವ ಹುಚ್ಚು ಅವಳಿಗೆ ಹತ್ತಿ ಆಗಲೇ ನಾಲ್ಕು ವರ್ಷ. ಯಂತ್ರ ನೋಡಲು ಏನೂ ಇಲ್ಲ. ತಳವಿಲ್ಲದ ಒಂದು ಡ್ರಮ್ಮು, ಅರ್ಧ ನೀರಿನಲ್ಲಿ ಮುಳುಗಿಸಿ ನಿಲ್ಲಿಸಿದ್ದು. ಹೊರಗೆ ಅಲೆ ಬಂದಾಗ ಡ್ರಮ್ಮಿನ ಒಳಗಿನ ನೀರು ಏರುತ್ತದೆ, ಒಳಗಿರುವ ಗಾಳಿ ನೆತ್ತಿಯ ತೂತಿನಿಂದ ಹೊರಗೆ ನುಗ್ಗುತ್ತದೆ. ಅಲೆ ಇಳಿದಾಗ ಗಾಳಿ ಒಳಗೆ ಬರುತ್ತದೆ. ಆ ತೂತಿನಲ್ಲಿ ಒಂದು ಪುಟ್ಟ ಫ್ಯಾನು. ಗಾಳಿ ಹೋದರೂ ಬಂದರೂ ಅದು ತಿರುಗುವುದು ಒಂದೇ ದಿಕ್ಕಿಗೆ. ಫ್ಯಾನಿಗೆ ಡೈನಮೊ, ಡೈನಮೊಗೆ ಟಾರ್ಚಿನ ಬಲ್ಬು. ನನ್ನ ಅಮ್ಮ ಸೀತಮ್ಮ ಅದನ್ನು ಮೊದಲ ಸಲ ನೋಡಿದಾಗ, "ಗೂರಲು ಬಂದವ್ರ ಹಾಂಗೆ ಉಸಿರು ಬಿಡ್ತಲೇ ಕೂಸೆ, ಕಷಾಯ ಮಾಡಿ ಕೊಡವಾ?" ಎಂದಿದ್ದಳು.

ಇದು ನಿಜವಾದ ಯಂತ್ರದ ಇಪ್ಪತ್ತನೆಯ ಒಂದು ಪಾಲು. ಮೊದಲು ಇದನ್ನೇ ಕುಮಟೆಯ ಸಮುದ್ರಕ್ಕೆ ಒಯ್ದಿದ್ದೆವು. ಮೊದಲ ಅಲೆಗೆ ಡ್ರಮ್ಮು ನಮ್ಮ ಕೈಬಿಟ್ಟು ಹೋಯಿತು. ಎರಡನೆಯ ಅಲೆ ಅದನ್ನು ವಾಪಸು ತಂದು ನನ್ನ ಮೊಣಕಾಲಿಗೆ ಅಪ್ಪಳಿಸಿತು. ಆ ದಿನ ಸಿಕ್ಕ ರೀಡಿಂಗ್ ಎಂದರೆ ನನ್ನ ಮೊಣಕಾಲಿನ ಬಾವು. "ಲಾರಿ ತೂಗುವ ಕಾಟಾದ ಮೇಲೆ ಏಲಕ್ಕಿ ತೂಗಿದ ಹಾಂಗೆ ಆತು. ಮಾದರಿ ಸಣ್ಣದಾದ್ರೆ ಅಲೆಯೂ ಸಣ್ಣದಾಗವು" ಎಂದಳು ಶ್ರೀವಾಣಿ. ಸಮುದ್ರದ ಎಂಟು ಸೆಕೆಂಡಿನ ಅಲೆ ನಮ್ಮ ಮಾದರಿಗೆ ಒಂದು ಪಾಯಿಂಟ್ ಎಂಟು ಸೆಕೆಂಡಿನ ಅಲೆ ಆಗಬೇಕಂತೆ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಅಂಥ ಅಲೆಗೆ ಉದ್ದನೆಯ, ನೇರ ಗೋಡೆಯ ತೊಟ್ಟಿ ಬೇಕು. ಅದು ಸಿಕ್ಕಿದ್ದು ಶಿವಪುತ್ರಪ್ಪನ ಕ್ವಾರಿಯಲ್ಲಿ. ಬನವಾಸಿ ಕಡೆಯಿಂದ ಬಂದು ಇಸಳೂರಿನಲ್ಲಿ ಕೆಂಪು ಚಿರೆಕಲ್ಲು ಕಡಿಸುವ ಶಿವಪುತ್ರಪ್ಪ, ದೊಡ್ಡ ಹೊಂಡದ ಪಕ್ಕದಲ್ಲಿ ಮೂವತ್ತು ಅಡಿ ಉದ್ದ, ನಾಲ್ಕಡಿ ಅಗಲದ ಒಂದು ಓಣಿಯನ್ನು ಕಡಿಸಿ ಬಿಟ್ಟಿದ್ದ. ಕಲ್ಲು ಸರಿಯಿಲ್ಲ ಎಂದು ಅವನು ಕೈಬಿಟ್ಟದ್ದು, ನೀರು ತುಂಬಿ ನಮಗೆ ಸರಿಹೋಯಿತು. ಒಂದು ತುದಿಯಲ್ಲಿ ಡ್ರಮ್ಮು. ಇನ್ನೊಂದು ತುದಿಯಲ್ಲಿ, ತಳಕ್ಕೆ ಕೀಲು ಹಾಕಿ ನಿಲ್ಲಿಸಿದ ಬಾಗಿಲಿನಷ್ಟು ದೊಡ್ಡ ಹಲಗೆ. ಹಲಗೆ ಹಿಂದೆ ಮುಂದೆ ಆಡಿದರೆ ಅಲೆ. ಆಡಿಸುವುದಕ್ಕೆ ನಾನೇ ಒಂದು ಮೋಟಾರು ಕಟ್ಟಿದ್ದೆ. ಎದುರುಬದುರು ಎರಡು ದಪ್ಪ ಹಲ್ಲಿನ ಗಾಲಿ, ಪಕ್ಕದಲ್ಲಿ ಒಂದು ಕ್ರ್ಯಾಂಕು. ನೋಡಿದವರಿಗೆ ಅದು ಯಾವುದರ ಹಾಗೆ ಕಾಣಬಹುದು ಎಂದು ನಾನು ಯೋಚಿಸಿರಲಿಲ್ಲ.

ಆ ಭಾನುವಾರ ಬೆಂಗಳೂರಿನ ಒಂದು ವಿಜ್ಞಾನ ಮಂಡಳಿಯಿಂದ ರವೀಂದ್ರ ಎಂಬ ಅಧಿಕಾರಿ ಬರುವವರಿದ್ದರು. ಬಲ್ಬು ಹತ್ತು ನಿಮಿಷ ಆರದೆ ಉರಿದರೆ ಶ್ರೀವಾಣಿಗೆ ದೊಡ್ಡ ಮಾದರಿ ಕಟ್ಟಿ ಸಮುದ್ರದಲ್ಲಿ ನಿಲ್ಲಿಸಲು ಅನುಮತಿ. ಉರಿಯದಿದ್ದರೆ ಕಡತ ಮುಚ್ಚುತ್ತದೆ. ಎರಡು ಸಲ ಮುಂದೂಡಿಸಿಕೊಂಡು ಆಗಿತ್ತು, ಮೂರನೆಯ ಸಲ ಇಲ್ಲ ಎಂದು ಪತ್ರದಲ್ಲೇ ಬರೆದಿದ್ದರು. ಹಿಂದಿನ ದಿನ ಶ್ರೀವಾಣಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾವು ಮಜ್ಜಿಗೆ ಬೆರೆಸಿಕೊಂಡು ಉಂಡೆವು.

ಬೆಳಿಗ್ಗೆ ಹತ್ತೂಕಾಲಿಗೆ ಮೋಟಾರು ಹಚ್ಚಿ ನೋಡಿದೆವು. ಹಲಗೆ ಆಡಿತು, ಅಲೆ ಹೋಯಿತು, ಡ್ರಮ್ಮು ಉಸಿರಾಡಿತು, ಬಲ್ಬು ಹತ್ತಿತು. ಶ್ರೀವಾಣಿ ಸ್ಟಾಪ್‌ವಾಚು ನೋಡಿ ತಲೆಯಾಡಿಸಿದಳು. ಅವಳ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ.

ಹತ್ತೂವರೆಗೆ ಕ್ವಾರಿಯ ದಾರಿಯಲ್ಲಿ ಮೊದಲ ತಂಬಿಗೆ ಕಾಣಿಸಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಸ್ಟೀಲಿನ ಕೊಡ, ಹಾಲಿನ ಕ್ಯಾನು, ಎರಡು ಜೀಪು, ಒಂದು ಟೆಂಪೊ. ಒಬ್ಬ ಮಂಡಕ್ಕಿ ಮಿರ್ಚಿಯ ಗಾಡಿಯನ್ನೇ ತಳ್ಳಿಕೊಂಡು ಬಂದಿದ್ದ.

"ಎಂತಾ ತಮಾ ಇದು? ಇಡೀ ಊರೇ ಬತ್ತಾ ಇದ್ದಲ" ಎಂದಳು ಅಮ್ಮ.

"ಆಲೆ ಅಡ ಸೀತಕ್ಕಾ! ಪೇಪರಲ್ಲಿ ಬೈಂದು. ನಮ್ಗೆ ಒಂದು ಮಾತೂ ಹೇಳಿದ್ದಿಲ್ಯಲೇ ನೀನು" ಎಂದು ಆಚೆಮನೆಯ ಗಂಗೆ ಮುಖ ಊದಿಸಿಕೊಂಡೇ ಕೊಡ ಇಳಿಸಿದಳು. ಪೇಪರನ್ನು ಕೊಡದೊಳಗೆ ಇಟ್ಟುಕೊಂಡು ಬಂದಿದ್ದಳು, ಸಾಕ್ಷಿಗೆ.

ಶ್ರೀವಾಣಿ ಅದನ್ನು ಓದಿದಳು. ನನ್ನ ಕಡೆ ತಿರುಗಿದಳು.

"ನಿಂಗ ಎಂತ ಹೇಳಿ ಕೊಟ್ಟಿದ್ರಿ?"

"ಆನು ಸರೀ ಹೇಳಿದ್ದಿ. ಅರಸನ ಅ ಹೇಳೇ ಹೇಳಿದ್ದಿ."

"ನೀರಿಗೆ ಇಳಿಯಬಾರದು ಹೇಳಿ ಇದ್ದಲ, ಅದಾದ್ರೂ ಇವ್ರಿಗೆ ಅರ್ಥ ಆಯ್ದಿಲ್ಯ?"

"ಅದೇ ಚೊಲೋ ಆತು ಕಾಣ್ತು," ಎಂದಳು ಗಂಗೆ. "ಆಲೆ ಹತ್ರ ಗಲೀಜು ಮಾಡ್ಲಾಗ ಹೇಳಿ ಹಾಕಿದ್ರಿ ಅಲ್ದ? ಎಂಗಕ್ಕೆಲ್ಲ ಖುಷಿ ಆತು."

ನಾನು ಒಂದು ಕಲ್ಲಿನ ಮೇಲೆ ಹತ್ತಿ ನಿಂತು, ಇದು ಆಲೆ ಅಲ್ಲ, ಅಲೆ, ಎಂದು ಕೂಗಿದೆ. ಬಯಲಿನಲ್ಲಿ ನಿಂತು ಕೂಗುವಾಗ ಅ ಎನ್ನುವುದು ತಾನಾಗಿಯೇ ಆ ಆಗುತ್ತದೆ ಎಂದು ಅವತ್ತು ತಿಳಿಯಿತು. ಜನ ಚಪ್ಪಾಳೆ ತಟ್ಟಿದರು. ಶಿವಪುತ್ರಪ್ಪ ಓಡಿ ಬಂದು, "ಸರ, ಹಾಲಿಲ್ಲಂತ ಹೇಳಬ್ಯಾಡ್ರಿ. ತಂಬಗಿ ತಂದ ಮಂದಿ ಬರೇ ತಂಬಗಿ ಒಯ್ಯಂಗಿಲ್ರಿ, ನನ್ನ ಕಲ್ಲ ಒಯ್ತಾರ" ಎಂದ.

ಇಷ್ಟರಲ್ಲಿ ನನ್ನ ಬೆನ್ನ ಹಿಂದೆ ಅದು ಆಗಿಹೋಯಿತು.

ಶಿವಪುತ್ರಪ್ಪನ ತಾಯಿ ಮುರಿಗೆವ್ವ. ಎಪ್ಪತ್ತು ದಾಟಿದ, ಕಟ್ಟುಮಸ್ತಾದ ಅಜ್ಜಿ. ತಮ್ಮ ಹೊಲದ ಕಬ್ಬಿನ ಒಂದು ಹೊರೆಯನ್ನು ಮಗನಿಗೂ ಹೇಳದೆ ಟೆಂಪೊದಲ್ಲಿ ತರಿಸಿದ್ದಳು. ತಿರುಗುತ್ತಿದ್ದ ನನ್ನ ಎರಡು ಗಾಲಿಗಳ ಮುಂದೆ ನಿಂತು, "ಬಾಯಿ ಭಾಳ ಸಣ್ಣದೈತಲ್ಲ ಇದರದು. ಒಂದ ಕಬ್ಬಿನ ಜಲ್ಲಿ ಕೊಟ್ಟ ನೋಡೂಣು" ಎಂದವಳೇ ಕಬ್ಬು ತುರುಕಿದಳು. ಕಟಕಟ ಎಂದಿತು. ಕಬ್ಬು ನುರಿಯಿತು. ಗಾಲಿಯ ಮೂರು ಹಲ್ಲು ಮುರಿದು ಹಾರಿದವು. ಮೋಟಾರು ಗೊಂಯ್ ಎಂದು ಕೂಗಿ, ನನ್ನ ಅಂಗಡಿಗೆ ದಿನಾ ಬರುವ ಮೋಟಾರುಗಳ ವಾಸನೆಯನ್ನೇ ಬಿಟ್ಟು, ನಿಂತಿತು.

"ಅಜ್ಜೀ! ಅದು ಗಾಣ ಅಲ್ಲ!"

"ಮತ್ತೇನಪಾ?"

"ಅಲೆ ಮಾಡೋ ಯಂತ್ರ!"

"ನಾನೂ ಅದನ್ನ ಹೇಳಾಕತ್ತೇನಿ, ಆಲೆ. ಒಂದ ಕಬ್ಬ ತಿನ್ನಲಾರದ್ದು ಇದೆಂಥಾ ಆಲೆನೋ ತಮ್ಮಾ ನಿಮ್ದು?"

ರವೀಂದ್ರರ ಜೀಪು ಬಂದದ್ದು ಆ ಗಳಿಗೆಯಲ್ಲೇ. ತೆಳ್ಳನೆಯ, ಮಾತು ಕಡಿಮೆಯ ಮನುಷ್ಯ. ಮುನ್ನೂರು ಜನರನ್ನು, ಕೊಡಗಳ ಸಾಲನ್ನು ನೋಡಿ, "ಮೇಡಂ, ಈ ಭಾಗದಲ್ಲಿ ವಿಜ್ಞಾನದ ಬಗ್ಗೆ ಇಷ್ಟು ಆಸಕ್ತಿ ಇದೆ ಅಂತ ಗೊತ್ತಿರಲಿಲ್ಲ" ಎಂದರು. ಆಮೇಲೆ ಮುರಿದ ಗಾಲಿ ನೋಡಿದರು. "ನನಗೆ ಎರಡು ಗಂಟೆಗೆ ಬಸ್ಸು. ಅಷ್ಟರೊಳಗೆ ಆಗುತ್ತಾ?"

"ಆಗ್ತದೆ ಸರ್" ಎಂದಳು ಶ್ರೀವಾಣಿ. ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಗಾಲಿಗೆ ಹಲ್ಲು ಕೂರಿಸಲು ನನಗೆ ಎರಡು ದಿನ ಬೇಕು. ಅವಳ ಮುಖ ನೋಡಲಾಗದೆ ನಾನು ಹಲಗೆಗೆ ಎರಡು ಹಗ್ಗ ಬಿಗಿದೆ. ಒಂದು ಹಿಂದಕ್ಕೆ ಎಳೆಯಲು, ಒಂದು ಮುಂದಕ್ಕೆ ಎಳೆಯಲು. ಮುಂದಿನ ಹಗ್ಗದವರು ನಿಲ್ಲಲಿಕ್ಕೆ ಓಣಿಯ ಮೇಲೆ ಅಡ್ಡಕ್ಕೆ ಒಂದು ದಿಮ್ಮಿ ಹಾಕಿಸಿದೆ.

ಗಂಡಸರು ಮುಂದೆ ಬಂದರು. ಹಗ್ಗ ಕಂಡ ಕೂಡಲೆ ಅವರಿಗೆ ಪೌರುಷ ಬಂತು. ಹಿಂದೆ ನಾಲ್ಕು ಜನ, ಮುಂದೆ ನಾಲ್ಕು ಜನ. ಅಲೆ ಮಾಡುವುದನ್ನು ಬಿಟ್ಟು ಹಗ್ಗಜಗ್ಗಾಟ ಶುರುವಾಯಿತು. ಶ್ರೀವಾಣಿ "ಒಂದು ಪಾಯಿಂಟ್ ಎಂಟು! ಒಂದು ಪಾಯಿಂಟ್ ಎಂಟು!" ಎಂದು ಕೂಗುತ್ತಿದ್ದಳು. ಅದು ಯಾರ ಸ್ಕೋರು ಎಂದು ಒಬ್ಬ ಕೇಳಿದ. ಬಲ್ಬು ಮಿಂಚುಹುಳದ ಹಾಗೆ ಹತ್ತಿ ಆರಿ ಹತ್ತಿ ಆರಿ, ಕಡೆಗೆ ಮುಂದಿನ ನಾಲ್ವರು ನೀರಿಗೇ ಬಿದ್ದರು. ಪ್ರಕಟಣೆಯನ್ನು ಅಕ್ಷರಶಃ ಉಲ್ಲಂಘಿಸಿದವರು ಅವರೇ.

ಅಮ್ಮ ಅಲ್ಲೇ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. "ಹಿಂಗೆ ಕಡೆದ್ರೆ ಮಜ್ಜಿಗೆಯೂ ಇಲ್ಲೆ, ಬೆಣ್ಣೆಯೂ ಇಲ್ಲೆ. ಗಡಿಗೆ ಒಡೀತು ಅಷ್ಟೆ" ಎಂದಳು.

ಶ್ರೀವಾಣಿ ತಟ್ಟನೆ ಅವಳ ಕಡೆ ತಿರುಗಿದಳು. "ಅತ್ತೆ, ನಿಂಗ ಕಡೆಯಕ್ಕಿದ್ರೆ ಒಂದು ಸಲ ಹಗ್ಗ ಹೋಗಿ ಬಪ್ಪಲೆ ಎಷ್ಟು ಹೊತ್ತು?"

"ಯಂಗೆಂತ ಗೊತ್ತಿದ್ದೇ? ಕೈಗೆ ಗೊತ್ತಿದ್ದು."

"ಕೈ ಆಡ್ಸಿ ತೋರ್ಸಿ."

ಅಮ್ಮ ಗಾಳಿಯಲ್ಲಿ ಕಡೆಗೋಲಿನ ಹಗ್ಗ ಎಳೆದು ತೋರಿಸಿದಳು, ಕಣ್ಣು ಅರ್ಧ ಮುಚ್ಚಿಕೊಂಡು. ಶ್ರೀವಾಣಿ ವಾಚು ಒತ್ತಿದಳು. ಹತ್ತು ಸಲಕ್ಕೆ ಹದಿನೇಳು ಪಾಯಿಂಟ್ ಒಂಬತ್ತು ಸೆಕೆಂಡು. ಇನ್ನೊಮ್ಮೆ: ಹದಿನೆಂಟು. ಮತ್ತೊಮ್ಮೆ: ಹದಿನೆಂಟು. ನನ್ನ ಮೋಟಾರು ಕೂಡ ಇಷ್ಟು ನಿಯತ್ತಾಗಿ ತಿರುಗಿರಲಿಲ್ಲ.

ಆದರೆ ಇನ್ನೊಂದು ತುದಿಗೂ ಅದೇ ಕೈಯವರು ಬೇಕು. ಮುರಿಗೆವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಮುರದಾಕಿ ನಾನ, ಕಟ್ಟಾಕಿನೂ ನಾನ. ಮೂರ ಎಮ್ಮಿ ಹಾಲ ಕಡದ ಕೈ ಇದು. ಬಿಡ್ರಿ ದಾರಿ."

"ಎಮ್ಮೆ ಮಜ್ಜಿಗೆ ಕಡೆಯದು ಬೇರೆ, ದನದ್ದು ಬೇರೆ," ಎಂದಳು ಅಮ್ಮ. "ನೀನು ಗಡಿಬಿಡಿ ಮಾಡಡ."

"ನೀ ತೂಕಡಿಸಬ್ಯಾಡ ಮತ್ತ."

ಇಬ್ಬರೂ ಹಗ್ಗ ಹಿಡಿದರು. ಅಮ್ಮ ಹಿಂದೆ ದಡದ ಮೇಲೆ ಸ್ಟೂಲಿನಲ್ಲಿ, ಮುರಿಗೆವ್ವ ಮುಂದೆ ದಿಮ್ಮಿಯ ಮೇಲೆ ಚಕ್ಕಳಮಕ್ಕಳ ಹಾಕಿ. ಕೀಲು ಹಗುರ, ನೀರಿನಲ್ಲಿ ಹಲಗೆಗೆ ತೂಕವಿಲ್ಲ. ಒಮ್ಮೆ ಲಯ ಹಿಡಿದರೆ ಬಲ ಹೆಚ್ಚು ಬೇಡ. ಮೊದಲು ಸ್ವಲ್ಪ ಜಗ್ಗಾಟವಾಯಿತು. ಎಂಟು ಹತ್ತು ಎಳೆತ ಆದ ಮೇಲೆ ಇಬ್ಬರ ಬಾಯಿಯೂ ಮುಚ್ಚಿತು. ಹಲಗೆ ಹೋಗಿ ಬಂದು, ಹೋಗಿ ಬಂದು, ಓಣಿಯ ಉದ್ದಕ್ಕೂ ಗೇಣೆತ್ತರದ ಅಲೆಗಳು ಒಂದರ ಹಿಂದೊಂದು ಶಾಲೆಮಕ್ಕಳ ಸಾಲಿನ ಹಾಗೆ ನಡೆದವು. ಡ್ರಮ್ಮು ನಿಧಾನಕ್ಕೆ ಉಸಿರೆಳೆಯಿತು. ಬಲ್ಬು ಹತ್ತಿತು. ರವೀಂದ್ರ ತಮ್ಮ ವಾಚು ಒತ್ತಿದರು.

ಒಂದು ನಿಮಿಷ. ಎರಡು. ಶ್ರೀವಾಣಿ ಹತ್ತು ಸೆಕೆಂಡಿಗೊಮ್ಮೆ ಮೀಟರು ನೋಡಿ ಬರೆಯುತ್ತಿದ್ದಳು. ಜನ ಕೊಡಗಳನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. ಮುರಿಗೆವ್ವನ ಕಬ್ಬಿನ ಹೊರೆ ಬಿಚ್ಚಿ ಎಲ್ಲರಿಗೂ ಒಂದೊಂದು ತುಂಡು ಹಂಚಿ ಆಗಿತ್ತು. ಮಿರ್ಚಿಯ ಗಾಡಿಗೆ ಬಿಡುವಿರಲಿಲ್ಲ.

"ಸೀತಕ್ಕಾ, ಅಮೃತ ಬಪ್ಪಲೆ ಇನ್ನೂ ಎಷ್ಟು ಹೊತ್ತೇ?" ಎಂದು ಗಂಗೆ ಕೂಗಿದಳು.

"ಮೊದ್ಲು ವಿಷ ಬತ್ತು. ನಿನ್ನನ್ನೇ ಕರೀತೆ, ಅಲ್ಲೇ ಕೂತಿರು" ಎಂದಳು ಅಮ್ಮ, ಲಯ ತಪ್ಪದೆ.

ಐದು ನಿಮಿಷ. ಆರು. ರವೀಂದ್ರರ ಕೈಯ ಮಿರ್ಚಿ ತಣ್ಣಗಾಯಿತು. ಏಳಕ್ಕೆ ನಾನು ಉಗುರು ಕಚ್ಚಲು ಶುರು ಮಾಡಿದೆ. ಎಂಟಕ್ಕೆ ಶ್ರೀವಾಣಿಯ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ನಾಲ್ಕು ವರ್ಷ ರಜೆ ಎಂಬುದನ್ನೇ ಕಾಣದ ಹೆಂಗಸು. ಮಕ್ಕಳ ಜ್ವರ, ಕಾಲೇಜಿನ ಪೇಪರು, ಅಡಿಗೆ, ಎಲ್ಲದರ ಸಂದಿಯಲ್ಲಿ ಈ ಡ್ರಮ್ಮನ್ನು ಸಾಕಿದವಳು. ಇನ್ನೆರಡೇ ನಿಮಿಷ.

ಅಷ್ಟು ಹೊತ್ತಿಗೆ ಕೆಂಪು ನೀರು ಕಲಕಿ ಕಲಕಿ, ಡ್ರಮ್ಮಿನ ಸುತ್ತ ಬೆಳ್ಳನೆ ನೊರೆ ಗಟ್ಟಿಯಾಗಿ ನಿಂತಿತ್ತು. ಗೋಡೆಗೆ ಬಡಿದು ಮರಳುವ ಅಲೆಗಳು ಸೇರಿಕೊಂಡು ಚಳಬಳ ಎನ್ನುತ್ತಿದ್ದ ಸದ್ದು ದಬ್ ದಬ್ ಎಂದು ಭಾರವಾಗಿತ್ತು. ಕಣ್ಣು ಮುಚ್ಚಿ ಎಳೆಯುತ್ತಿದ್ದ ಅಮ್ಮ ಆ ಸದ್ದು ಕೇಳಿ ಕಣ್ಣು ತೆರೆದಳು. ನೊರೆ ನೋಡಿದಳು. ಐವತ್ತು ವರ್ಷದ ಅಭ್ಯಾಸ.

"ಹಾಂ, ಬಂತು ಬೆಣ್ಣೆ" ಎಂದು ಹಗ್ಗ ಕೆಳಗಿಟ್ಟು, ನೊರೆಯ ಮೇಲೆ ಚಿಮುಕಿಸಲು ತಣ್ಣೀರಿನ ತಂಬಿಗೆಗಾಗಿ ಕೈಚಾಚಿದಳು.

ಮುರಿಗೆವ್ವನೂ ನಿಲ್ಲಿಸಿದಳು. ಬೆಣ್ಣೆ ಬಂದ ಮೇಲೆ ಯಾರಾದರೂ ಎಳೆಯುತ್ತಾರೆಯೇ?

ಹಲಗೆ ನಿಂತಿತು. ಮೀಟರಿನ ಮುಳ್ಳು ಇಳಿಯತೊಡಗಿತು. ಬಲ್ಬು ಹಳದಿಯಾಯಿತು, ಕೆಂಪಾಯಿತು, ಊದುಬತ್ತಿಯ ತುದಿಯಷ್ಟಾಯಿತು. ಫ್ಯಾನಿಗೆ ನಾನು ಸೀಸದ ಒಂದು ಬಳೆ ತೊಡಿಸಿದ್ದೆ. ಅದರ ತೂಕಕ್ಕೆ ಫ್ಯಾನು ಇನ್ನೂ ತಿರುಗುತ್ತಿತ್ತು, ಅಷ್ಟೇ. "ಅಮ್ಮಾ, ನಿಲ್ಸಡ!" ಎಂದು ನಾನು ಕೂಗಿದೆ. "ಬೆಣ್ಣೆ ಬಂದಮೇಲೆ ಕಡೆದ್ರೆ ಕರಗ್ತು ತಮಾ" ಎಂದು ಅಮ್ಮ ನನಗೆ ಸಮಾಧಾನ ಹೇಳಿದಳು.

ಆಗ ಶ್ರೀವಾಣಿ, ಎಂದೂ ಅಂದಾಜಿನ ಮಾತು ಆಡದ, ದಶಾಂಶದ ಆಚೆ ಎರಡು ಅಂಕಿ ಇಲ್ಲದೆ ಯಾವುದನ್ನೂ ಒಪ್ಪದ ಶ್ರೀವಾಣಿ, ಪುಸ್ತಕ ಬಿಸಾಕಿ ಗಂಟಲು ಹರಿಯುವ ಹಾಗೆ ಕಿರುಚಿದಳು:

"ಅತ್ತೇ! ಬೆಣ್ಣೆ ಬೈಂದಿಲ್ಲೇ!"

ಅಮ್ಮನ ಮುಖ ಕೆಂಪಾಯಿತು. ಬೆಣ್ಣೆಯ ವಿಷಯದಲ್ಲಿ ಅವಳಿಗೆ ಎದುರು ಹೇಳಿದವರು ಇದುವರೆಗೆ ಹುಟ್ಟಿರಲಿಲ್ಲ.

"ಎಂತ? ಬೈಂದಿಲ್ಯ?"

"ಇಲ್ಲೆ! ಬರೀ ನೊರೆ! ಕಡೀರಿ!"

"ಹಂಗಾರೆ ಹಿಡಿಯೇ ಮುರಿಗೆವ್ವಾ," ಎಂದಳು ಅಮ್ಮ, ಹಲ್ಲು ಕಚ್ಚಿಕೊಂಡು. "ಎಂತಕ್ಕೆ ಬತ್ತಿಲ್ಲೆ ನೋಡ್ತೆ."

ಹಗ್ಗ ಮತ್ತೆ ಓಡಿತು. ಶ್ರೀವಾಣಿ ಪುಸ್ತಕ ಎತ್ತಿಕೊಂಡು ಮತ್ತೆ ಬರೆಯತೊಡಗಿದಳು. ಮೂರನೆಯ ಎಳೆತಕ್ಕೆ ಬಲ್ಬಿನ ಕೆಂಪು ಹಳದಿಯಾಯಿತು. ಏಳನೆಯದಕ್ಕೆ ಬೆಳ್ಳಗಾಯಿತು. ಜನ ಕೊಡ ಬಡಿಯತೊಡಗಿದರು. ಹತ್ತು ನಿಮಿಷವಾಯಿತೆಂದು ರವೀಂದ್ರ ಕೈ ಎತ್ತಿದ ಮೇಲೂ ಅಮ್ಮ ನಿಲ್ಲಿಸಲಿಲ್ಲ. ಬೆಣ್ಣೆ ಬರುವ ತನಕ ನಿಲ್ಲಿಸುವುದಿಲ್ಲ ಎಂದು ಹಟ ಹಿಡಿದಿದ್ದಳು. ಹಗ್ಗವನ್ನು ನಾನೇ ಬಿಡಿಸಬೇಕಾಯಿತು.

ರವೀಂದ್ರ ಕಲ್ಲಿನ ಮೇಲೆ ಕುಳಿತು ನಮೂನೆ ತುಂಬಿಸಲು ಶುರು ಮಾಡಿದರು. "ಹತ್ತು ನಿಮಿಷ ಉರಿದಿದೆ. ನಡುವೆ ಸ್ವಲ್ಪ ಮಂಕಾಯ್ತು. ಆರಲಿಲ್ಲವಲ್ಲ, ಅದನ್ನು ಬರೆಯೋದು ಬೇಡ ಬಿಡಿ."

"ಬರೀರಿ ಸರ್," ಎಂದಳು ಶ್ರೀವಾಣಿ. "ಎಂಟು ನಿಮಿಷ ನಲವತ್ತು ಸೆಕೆಂಡಿನಿಂದ ಒಂಬತ್ತು ನಿಮಿಷದವರೆಗೆ ವೋಲ್ಟೇಜು ಮೂರನೇ ಒಂದು ಭಾಗಕ್ಕೆ ಇಳಿದಿದೆ. ನನ್ನ ಪುಸ್ತಕದಲ್ಲಿ ಇದೆ."

ನಾನು ಅವಳ ಕಾಲು ತುಳಿದೆ. ಅವಳು ನನ್ನ ಕಾಲನ್ನು ಇನ್ನೂ ಜೋರಾಗಿ ತುಳಿದಳು.

ರವೀಂದ್ರ ಪೆನ್ನು ಕೆಳಗಿಟ್ಟರು. ಅವಳ ಪುಸ್ತಕ ತೆಗೆದುಕೊಂಡು ಪುಟ ನೋಡಿದರು. ಬಹಳ ಹೊತ್ತು ನೋಡಿದರು. ಕಡತ ಮುಚ್ಚಿತು ಎಂದೇ ನಾನು ಅಂದುಕೊಂಡೆ.

"ಈ ವರ್ಷ ಒಂಬತ್ತು ಮಾದರಿ ನೋಡಿದೆ ಮೇಡಂ" ಎಂದರು ಕೊನೆಗೆ. "ಒಂಬತ್ತರದೂ ಸ್ಕೇಲು ಇಟ್ಟು ಎಳೆದ ಹಾಗೆ ನೇರ ಗೆರೆ. ಒಂದನ್ನೂ ನಂಬಲಿಲ್ಲ ನಾನು. ಇದನ್ನು ನಂಬಬಹುದು." ಪೆನ್ನು ಎತ್ತಿಕೊಂಡರು. "ವೋಲ್ಟೇಜು ಇಳಿಯಲು ಕಾರಣ?"

ಶ್ರೀವಾಣಿ ಯೋಚಿಸಿದಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ. "ಬೆಣ್ಣೆ ಬಂದಿದೆ ಎಂಬ ತಪ್ಪು ಗ್ರಹಿಕೆ."

ಅವರು ಹಾಗೆಯೇ ಬರೆದರು. ಅಲೆ ಉತ್ಪಾದಕದ ವಿಧ ಎಂಬಲ್ಲಿ ವಿದ್ಯುತ್, ದ್ರವಚಾಲಿತ, ಇತರೆ ಎಂದು ಮೂರು ಚೌಕಗಳಿದ್ದವು. 'ಇತರೆ'ಗೆ ಗುರುತು ಹಾಕಿ ಮುಂದೆ, 'ಸೀತಮ್ಮ, ಮುರಿಗೆವ್ವ' ಎಂದು ಬರೆದರು. ಕೆಳಗೆ, 'ಸಮುದ್ರದಲ್ಲಿ ಪರೀಕ್ಷೆಗೆ ಶಿಫಾರಸು ಮಾಡಲಾಗಿದೆ' ಎಂದು ಬರೆದು ಸಹಿ ಹಾಕಿ, ಅವಳಿಗೂ ತೋರಿಸಿದರು.

ಜೀಪು ಹೋಯಿತು. ಶ್ರೀವಾಣಿ ಅಳುತ್ತಾಳೇನೋ ಎಂದು ನಾನು ಹತ್ತಿರ ಹೋಗಿ ನಿಂತೆ. ಅವಳು ಕಣ್ಣೊರೆಸಿಕೊಂಡಳು ನಿಜ, ಒಂದೇ ಸಲ. ಆಮೇಲೆ ಎದ್ದು ಪುಸ್ತಕದ ಹೊಸ ಪುಟ ತೆರೆದು, ಸುಸ್ತಾಗಿ ಕಬ್ಬು ಜಗಿಯುತ್ತ ಕುಳಿತಿದ್ದ ಇಬ್ಬರ ಮುಂದೆ ನಿಂತಳು.

"ಅತ್ತೆ, ಬಿಸಿಲಿರಕ್ಕಿದ್ರೆ ಇನ್ನೊಂದು ರೀಡಿಂಗ್ ತಗಳನ. ಈ ಸಲ ಎರಡು ಸೆಕೆಂಡಿನ ಅಲೆ ಬೇಕು."

ಮುರಿಗೆವ್ವ ಕಬ್ಬಿನ ಸಿಪ್ಪೆ ಉಗಿದು ಅಮ್ಮನನ್ನು ನೋಡಿದಳು. "ಎಂಥಾ ಸೊಸಿನ ಇಟಗೊಂಡೀಯವ್ವಾ ನೀ!"

"ಇದು ಎಂತದೂ ಅಲ್ಲ," ಎಂದಳು ಅಮ್ಮ. "ಒಂದು ವಾರ ಎಂಗ್ಳ ಮನೇಲಿ ಉಳ್ಕಂಡು ನೋಡು." ಹೇಳುತ್ತಲೇ ಸ್ಟೂಲನ್ನು ಹಲಗೆಯ ಹತ್ತಿರಕ್ಕೆ ಎಳೆದುಕೊಂಡಳು.